ಸಿಟ್ಟಿಗೆ ಯಾವ ಬಣ್ಣ?

ಇವತ್ತು ಮೂರನೇ ಕ್ಲಾಸಿನ ಡ್ರಾಯಿಂಗ್ ಪೀರಿಯಡ್‌ನಲ್ಲಿ ಒಂದೇ ಷರತ್ತು. ಮುಖ ಬರೆಯೋ ಹಾಗಿಲ್ಲ, ಮನೆ, ಮರ, ಸೂರ್ಯ ಏನೂ ಬೇಡ. ಬರೀ ಬಣ್ಣ, ಆಕಾರದಲ್ಲೇ ಸಿಟ್ಟು ತೋರಿಸಿ ಅಂದೆ. ಹೆಚ್ಚಿನವರು ಕೆಂಪು ಹಚ್ಚಿದರು, ಅದು ಗೊತ್ತಿದ್ದದ್ದೇ. ಒಬ್ಬ ಮಾತ್ರ ಕಡುಹಸಿರು ಕ್ರೇಯಾನ್ ಹಿಡಿದು ಚೂಪು ಚೂಪು ತ್ರಿಕೋನಗಳನ್ನು ತುಂಬಿಸಿದ್ದ. ಒತ್ತಿದ ರಭಸಕ್ಕೆ ಹಾಳೆಯ ಹಿಂದೆಲ್ಲ ಗೀರು ಎದ್ದಿತ್ತು.

"ಹಸಿರು ಯಾಕೋ?"

"ಕೆಂಪು ನನ್ನ ಫೇವರಿಟ್ ಮಿಸ್. ಅದನ್ನ ಸಿಟ್ಟಿಗೆ ಕೊಡಲ್ಲ."

1923ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ಚಿತ್ರಕಾರ ಕ್ಯಾಂಡಿನ್‌ಸ್ಕಿ ಒಂದು ಪ್ರಶ್ನಾವಳಿ ಹಂಚಿದ್ದರು. ಹಳದಿ, ಕೆಂಪು, ನೀಲಿಯಲ್ಲಿ ಯಾವುದು ತ್ರಿಕೋನಕ್ಕೆ, ಯಾವುದು ಚೌಕಕ್ಕೆ, ಯಾವುದು ವೃತ್ತಕ್ಕೆ ಹೊಂದುತ್ತೆ ಅಂತ. ಅವರ ಲೆಕ್ಕದಲ್ಲಿ ತ್ರಿಕೋನ ಹಳದಿ. ನಮ್ಮ ಹುಡುಗ ಅಷ್ಟು ಸುಲಭಕ್ಕೆ ಒಪ್ಪೋನಲ್ಲ ಬಿಡಿ.