ಕೊನೆಯ ಎರಡು ಮಾತು ಕತ್ತರಿಸಿದರೆ

ಬೇಸಿಗೆ ರಜೆಯಲ್ಲಿ ಕೋಲಾರದ ಕಡೆಯ ನಮ್ಮೂರ ಗ್ರಂಥಾಲಯದಲ್ಲಿ 11 ಮಕ್ಕಳಿಗೆ ಆಡಿಯೋ ಕಾರ್ಯಕ್ರಮ ಮಾಡೋದು ಕಲಿಸಿದೆ. ಎಲ್ಲ ಎಂಟು, ಒಂಬತ್ತನೇ ಕ್ಲಾಸಿನವರು. ಅವರಿಗೆ ಬೇಕಿದ್ದದ್ದು ವಿಡಿಯೋ. ನಾನು ಬೇಡ ಅಂದೆ. ಕ್ಯಾಮೆರಾ ಕಂಡ ಕೂಡಲೇ ಮಕ್ಕಳು ಮೊಬೈಲಲ್ಲಿ ನೋಡಿದ ಯಾರದೋ ದನಿಯಲ್ಲಿ 'ಹಾಯ್ ಫ್ರೆಂಡ್ಸ್' ಅಂತ ಶುರು ಮಾಡಿಬಿಡುತ್ತಾರೆ, ತಮ್ಮ ಮಾತು ಅಲ್ಲೇ ನಿಂತುಹೋಗುತ್ತದೆ. ಬರೀ ದನಿ ಆದರೆ ಮೊದಲು ಸುಮ್ನೆ ಕೂತು ಕೇಳಬೇಕು.

ಇದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಬೂದಿಕೋಟೆಯಲ್ಲಿ 2000ದ ದಶಕದ ಶುರುವಿನಲ್ಲೇ 'ನಮ್ಮ ಧ್ವನಿ' ಅನ್ನೋ ಊರಿನವರದೇ ಆಡಿಯೋ ಕೇಂದ್ರ ಇತ್ತು. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಹಳ್ಳಿಯವರಿಗೆ ರೇಡಿಯೋ ಲೈಸೆನ್ಸ್ ಸಿಗುತ್ತಿರಲಿಲ್ಲ, ಹಾಗಾಗಿ ಊರಿನವರೇ ಮಾಡಿದ ಕಾರ್ಯಕ್ರಮ ಕೇಬಲ್ ಮೂಲಕ ಮನೆಗಳಿಗೆ ಹೋಗುತ್ತಿತ್ತು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ಅನುಮತಿ ಬಂದದ್ದು 2006ರಲ್ಲಿ. ಈಗ ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಫೋನ್ ಇದೆ, ಅದರಲ್ಲಿ ಕಾರ್ಯಕ್ರಮ ಮಾಡಿ ಹಂಚೋಕೆ ಲೈಸೆನ್ಸ್ ಬೇಕಿಲ್ಲ. ಆದರೆ ಕಲಿಸುವವರು?

ನಮ್ಮ ಹತ್ತಿರ ಇದ್ದದ್ದು ಮೂರು ಫೋನ್, ಒಂದು ಹಳೇ ಲ್ಯಾಪ್‌ಟಾಪ್, ಅದರಲ್ಲಿ ದನಿ ಎಡಿಟ್ ಮಾಡುವ ಆಡಾಸಿಟಿ ಅನ್ನೋ ಸಾಫ್ಟ್‌ವೇರ್. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಫ್ಯಾನ್ ಆರಿಸಿ, ಫೋನ್ ಬಾಯಿಗೆ ಒಂದು ಗೇಣು ದೂರ ಹಿಡಿಯಿರಿ, 'ಹೌದು', 'ಇಲ್ಲ' ಅಂತ ಮುಗಿದುಹೋಗುವ ಪ್ರಶ್ನೆ ಕೇಳಬೇಡಿ. ಇಷ್ಟು ಒಂದೇ ದಿನದಲ್ಲಿ ಕಲಿತರು.

ಎಡಿಟಿಂಗ್ ದಿನ ಮರೆಯೋಕಾಗಲ್ಲ. ಒಬ್ಬ ಹುಡುಗ 'ನಮ್ಮ ಮೇಷ್ಟ್ರು ಚೆನ್ನಾಗಿ ಪಾಠ ಮಾಡಲ್ಲ ಅಂದ್ರೆ ನಾನು ಒಪ್ಪಲ್ಲ' ಅಂದಿದ್ದ. ಎಲ್ಲರ ಎದುರಿಗೇ 'ಅಂದ್ರೆ'ಯಿಂದ ಕೊನೆತನಕ ಕತ್ತರಿಸಿ, ಉಳಿದದ್ದನ್ನು ಕೇಳಿಸಿದೆ. ಮೊದಲು ನಗು. ಆಮೇಲೆ ಆ ಹುಡುಗನ ಮುಖ ಬಾಡಿತು, 'ಅಕ್ಕಾ, ನಾನು ಹಂಗೆ ಹೇಳೇ ಇಲ್ಲ' ಅಂದ. ಕನ್ನಡದಲ್ಲಿ ಹೌದೋ ಅಲ್ಲವೋ ಅನ್ನೋದು ಮಾತಿನ ಕೊನೆಗೆ ಬರುತ್ತದೆ ಅಲ್ವಾ, ಅರ್ಧ ಸೆಕೆಂಡ್ ತೆಗೆದರೆ ಸಾಕು, ಅರ್ಥ ತಿರುಗಿಬಿಡುತ್ತದೆ. ಅವತ್ತಿಂದ ಅವರು ವಾಟ್ಸಾಪ್‌ನಲ್ಲಿ ಬಂದ ತುಣುಕುಗಳನ್ನು ತಂದು 'ಇದರ ಮುಂದೇನಿತ್ತು' ಅಂತ ಕೇಳೋಕೆ ಶುರು ಮಾಡಿದರು. ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ಒಂದು ಹುಡುಗಿ ತನ್ನ ಅಜ್ಜಿಯಿಂದ ರಾಗಿ ಹಗೇವಿನ ಬಗ್ಗೆ ಕೇಳಿ ರೆಕಾರ್ಡ್ ಮಾಡಿದ್ದಳು. ನೆಲದಡಿಯ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತಂತೆ. ಯಾರದೇ ಮಾತಾದರೂ ಅವರಿಗೆ ಕೇಳಿಸಿ, ಅವರು ಒಪ್ಪಿದ ಮೇಲೇ ಹಂಚಬೇಕು ಅನ್ನೋದು ನಮ್ಮ ನಿಯಮ. ಅಜ್ಜಿ ಪೂರ್ತಿ ಕೇಳಿ, 'ದೀಪದ ಮಾತು ಎಲ್ಲಮ್ಮ? ಅದು ಗೊತ್ತಿಲ್ದೆ ಯಾರಾದ್ರೂ ಇಳಿದ್ರೆ ಉಸಿರು ಕಟ್ಟಲ್ವಾ?' ಅಂದರು. ಹಗೇವಿನ ಬಾಯಿ ತೆಗೆದು, ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು ಅಂತ ಅಜ್ಜಿ ರೆಕಾರ್ಡಿಂಗ್‌ನಲ್ಲಿ ಹೇಳಿದ್ದರು. ಆ ಮಾತಿನ ನಡುವೆ ಕೆಮ್ಮಿದ್ದರು, ಅದಕ್ಕೇ ಹುಡುಗಿ ಅದನ್ನು ತೆಗೆದುಹಾಕಿದ್ದಳು.

ಮಾರನೇ ದಿನ ವಾಪಸ್ ಸೇರಿಸಿಕೊಂಡು ಬಂದಳು, ಕೆಮ್ಮಿನ ಸಮೇತ.