ಟಿಟಿಡಿಐ ಸ್ಟಾಪ್

ಇವತ್ತು ಕೌಲಾಲಂಪುರದ ಮೆಟ್ರೋದಲ್ಲಿ ಟಿಟಿಡಿಐ ಸ್ಟೇಷನ್‌ನಲ್ಲಿ ಇಳಿದೆ. ನಮ್ಮ ಕಿವಿಗೆ ಟಿಟಿಡಿ ಅಂದ್ರೆ ತಿರುಪತಿ, ಅಲ್ವಾ? ಇದು ತಾಮನ್ ತುನ್ ಡಾಕ್ಟರ್ ಇಸ್ಮಾಯಿಲ್, ಮಲೇಷ್ಯಾದ ಒಬ್ಬ ಹಳೇ ನಾಯಕನ ಹೆಸರಿನ ಬಡಾವಣೆ. ಕೈಯಲ್ಲಿ ನನ್ನ ಬ್ಲಡ್ ರಿಪೋರ್ಟ್. ಮನೆಯಲ್ಲಿ ಇನ್ನೂ ಹೇಳಿಲ್ಲ.

ಈ ಇಸ್ಮಾಯಿಲ್ ಮೆಲ್ಬರ್ನ್‌ನಲ್ಲಿ ಓದಿ ಬಂದ ಡಾಕ್ಟರ್. 1947ರಲ್ಲಿ ಜೊಹೋರ್ ಬಾರುವಿನಲ್ಲಿ ಕ್ಲಿನಿಕ್ ತೆರೆದರು. ಹೆಸರು ‘ತವಕ್ಕಲ್’. ಅಂದ್ರೆ ಹೆಚ್ಚುಕಮ್ಮಿ ‘ದೇವರ ಮೇಲೆ ಭಾರ’. ಡಾಕ್ಟರೇ ಹಾಗಂದ್ರೆ ಪೇಷಂಟ್ ಏನು ಮಾಡಬೇಕು ಅಂತ ನಗು ಬಂತು!

ಆಮೇಲೆ ರಾಜಕೀಯ. 1957ರಲ್ಲಿ ಮಲಯಕ್ಕೆ (ಮುಂದೆ ಮಲೇಷ್ಯಾ ಆದ ದೇಶ) ಸ್ವಾತಂತ್ರ್ಯ ಬಂದಾಗ ಅಮೆರಿಕಕ್ಕೆ ಮೊದಲ ರಾಯಭಾರಿ, ವಿಶ್ವಸಂಸ್ಥೆಗೂ ಇವರೇ.

1967ರಲ್ಲಿ ಆರೋಗ್ಯ ಸರಿಯಿಲ್ಲ ಅಂತ ಮಂತ್ರಿಗಿರಿ ಬಿಟ್ಟರು. 1969ರಲ್ಲಿ ಕೌಲಾಲಂಪುರದಲ್ಲಿ ಮಲಯರು-ಚೀನೀಯರ ನಡುವೆ ಗಲಭೆ ಆದಮೇಲೆ ವಾಪಸ್ ಬಂದರು, ಉಪಪ್ರಧಾನಿಯೂ ಆದರು. ಕ್ಯಾನ್ಸರ್ ಇತ್ತು. ಜನಕ್ಕೆ ಗೊತ್ತಿರಲಿಲ್ಲ. ಪ್ರಧಾನಿ ರಜಾಕ್‌ಗೂ ಲ್ಯುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರ್, ಅದೂ ಗುಟ್ಟು. ಇಬ್ಬರೂ ಸುಮ್ನೆ ಫೈಲ್ ನೋಡ್ತಾ ಕೂತಿದ್ದರು.

1973ರ ಆಗಸ್ಟ್ 2. ರಜಾಕ್ ಕೆನಡಾದಲ್ಲಿ. ಇಲ್ಲಿ ಹಂಗಾಮಿ ಪ್ರಧಾನಿ ಇಸ್ಮಾಯಿಲ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೀ 57.

ಎಸ್ಕಲೇಟರ್ ಇಳಿಯುತ್ತಾ ರಿಪೋರ್ಟಿನ ಫೋಟೋ ತೆಗೆದು ಹೆಂಡತಿಗೆ ಕಳಿಸಿದೆ. ಶುಗರ್ ಸ್ವಲ್ಪ ಜಾಸ್ತಿ, ಅಷ್ಟೇ. ಈಗ ಬೈಗುಳ ಬರ್ತಾ ಇದೆ.