ಮಂಗಳವಾರ ಮೀಟಿಂಗ್ ಬೇಡ

14 ಅಕ್ಟೋಬರ್ 2025, ಮಂಗಳವಾರ
ಬನಶಂಕರಿ, ಬೆಂಗಳೂರು

ಮಂಗಳವಾರ ನಮ್ಮ ತಂಡದಲ್ಲಿ ಯಾರೂ ಮೀಟಿಂಗ್ ಇಡುವ ಹಾಗಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆ ಇರುವವರನ್ನು ನೋಡುವ ಮನೋಚೈತನ್ಯ ಕ್ಲಿನಿಕ್ ಇರುವುದು ಇವತ್ತೇ. ನಮ್ಮ ಕಾರ್ಯಕರ್ತೆಯರು ಹಳ್ಳಿಗಳಿಂದ ಜನರನ್ನು ಕರೆತಂದು, ಚೀಟಿ ಮಾಡಿಸಿ, ಮಾತ್ರೆ ಕೈಗೆ ಸಿಗುವವರೆಗೂ ಜೊತೆಗಿರುತ್ತಾರೆ. ಆ ಹೊತ್ತಿನಲ್ಲಿ ನಾನು ಇಲ್ಲಿಂದ ಫೋನ್ ಮಾಡಿ ಎಕ್ಸೆಲ್ ಶೀಟ್ ತುಂಬಿದ್ರಾ ಅಂತ ಕೇಳುವುದು ಸರಿಯಲ್ಲ.

ಸಂಜೆ ಕೊಪ್ಪಳದ ಕಡೆಯ ನಮ್ಮ ಹುಡುಗಿ ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದಳು. ದೇಣಿಗೆ ಕೊಡುವವರು ವರದಿಗೆ ಗುಣವಾದವರ ಫೋಟೋ, ಹೆಸರು, ಊರು ಕೇಳಿದ್ದಾರೆ. ಶುಕ್ರವಾರ ವಿಶ್ವ ಮಾನಸಿಕ ಆರೋಗ್ಯ ದಿನ ಆಯ್ತಲ್ಲ, ಆ ಹುಮ್ಮಸ್ಸು. ಗುಣವಾದ ಒಬ್ಬಾಕೆಯನ್ನು ಇವಳು ಕೇಳಿದ್ದಾಳೆ.

"ಅಕ್ಕಾರ, ಆಕಿ ಹೂಂ ಅಂದಾಳ್ರೀ. ಆದ್ರ ಫೋಟೋ ಕಳಸೂದು ಬ್ಯಾಡ್ರೀ. ಗಂಡನ ಮನ್ಯಾಗ ಯಾರಿಗೂ ಗೊತ್ತಿಲ್ಲ."

ಆ ಹೂಂ ಎಂಥದ್ದು ಅಂತ ಅವಳಿಗೆ ಗೊತ್ತು. ತಿಂಗಳು ತಿಂಗಳು ಮಾತ್ರೆ ಕೊಡಿಸುವವಳೇ ಮುಂದೆ ನಿಂತು ಕೇಳಿದರೆ ಯಾರು ತಾನೇ ಬೇಡ ಅಂತಾರೆ? ಹಾಗೆ ಸಿಕ್ಕ ಒಪ್ಪಿಗೆಯನ್ನು ನಾನು ಒಪ್ಪಿಗೆ ಎಂದುಕೊಳ್ಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದೇ ಹೇಳುತ್ತದೆ. ನಮ್ಮ ವಾಟ್ಸಾಪ್ ಗುಂಪಿನಲ್ಲೂ ಯಾರ ಹೆಸರೂ ಹಾಕುವುದಿಲ್ಲ, ಬರೀ ನಂಬರ್. ಒಂದು ಫಾರ್ವರ್ಡ್ ಸಾಕು, ಊರೆಲ್ಲಾ ಗೊತ್ತಾಗೋಕೆ.

ದೇಣಿಗೆದಾರರಿಗೆ ಮೇಲ್ ಬರೆದೆ. ಮುಖ ಸಿಗುವುದಿಲ್ಲ, ಎಷ್ಟು ಜನ ಬಿಡದೆ ಕ್ಲಿನಿಕ್ಕಿಗೆ ಬರುತ್ತಿದ್ದಾರೆ, ಎಷ್ಟು ಜನ ನಡುವೆ ಮಾತ್ರೆ ಬಿಟ್ಟರು, ಯಾಕೆ ಬಿಟ್ಟರು ಎನ್ನುವುದನ್ನು ಕೊಡುತ್ತೇವೆ ಅಂತ. ನನ್ನ ಮಟ್ಟಿಗೆ ಆ 'ಯಾಕೆ' ಅನ್ನೋದೇ ಫೋಟೋಗಿಂತ ಜಾಸ್ತಿ ಹೇಳುತ್ತದೆ. ಆರಾಮ ಅನಿಸ್ತು ಅಂತ ಬಿಟ್ಟವರಿದ್ದಾರೆ. ಕೂಲಿ ತಪ್ಪುತ್ತೆ ಅಂತ ಬಿಟ್ಟವರೂ ಇದ್ದಾರೆ.

ದೂರದಿಂದ ಕೆಲಸ ನೋಡಿಕೊಳ್ಳುವವರು ಒಂದು ನೆನಪಿಡಬೇಕು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್‌ನವರು 80ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ. ಅದು ನಿಂತದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಸಿಬ್ಬಂದಿಯ ಮೇಲೆ. ಇವತ್ತಿಗೂ ಮನೆ ಬಾಗಿಲಿಗೆ ಹೋಗುವವರೇ ಈ ಕೆಲಸದ ಜೀವ.

ಕೊಪ್ಪಳದ ಹುಡುಗಿಯ ದನಿ ಸೋತಿತ್ತು. ಬೆಳಿಗ್ಗೆ ಒಬ್ಬ ತಾಯಿ ಅವಳ ಕೈ ಹಿಡಿದು ಬಹಳ ಹೊತ್ತು ಅತ್ತರಂತೆ. ಇದಕ್ಕೆ ಶೀಟಿನಲ್ಲಿ ಕಾಲಂ ಇಲ್ಲ. ಟೆಲಿ ಮಾನಸ್‌ನ 14416 ಮಾನಸಿಕ ಆರೋಗ್ಯ ಸಹಾಯವಾಣಿ ನಂಬರನ್ನು ನಾವು ಊರೂರಿಗೆ ಹಂಚುತ್ತೇವೆ. ಹಂಚುವವರಿಗೂ ಮನಸ್ಸು ಭಾರವಾಗುತ್ತೆ ಅಲ್ವಾ? ಅದಕ್ಕೇ ಗುರುವಾರ ಅವರಿಗೆ ಕೌನ್ಸೆಲರ್ ಜೊತೆ ಒಂದು ಕರೆ ಇಟ್ಟಿದ್ದೇವೆ. ಅದರಲ್ಲಿ ವರದಿ ಕೇಳುವಂತಿಲ್ಲ. ನಾನೂ ಸೇರುವುದಿಲ್ಲ, ಸೇರಿದರೆ ಅವರು ಬಾಯಿ ಬಿಡುವುದಿಲ್ಲ.

ನಾಳೆ ರಜೆ ತಗೋ ಅಂದೆ. ಬುಧವಾರದ ಮನೆ ಭೇಟಿಗಳಿಗೆ ಪಕ್ಕದ ತಾಲ್ಲೂಕಿನವಳು ಹೋಗುತ್ತಾಳೆ, ಮಾತಾಡಿ ಆಗಿದೆ. ದೇಣಿಗೆದಾರರ ಉತ್ತರ ಇನ್ನೂ ಬಂದಿಲ್ಲ.